ಬೃಹತ್ಕಾಯೋಸಾರಸ್: ಪರೀಕ್ಷೆಗೆ ಮುಖ್ಯಾಂಶಗಳು

ಕ್ಯಾತ್ಸಂದ್ರದ ಸುತ್ತಮುತ್ತ ಡೈನೋಸಾರ್ ಮೂಳೆ ಹುಡುಕಿ ಪ್ರಯೋಜನವಿಲ್ಲ. ಸಿದ್ಧಗಂಗೆ, ದೇವರಾಯನದುರ್ಗದ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು; ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅದೂ ಅಲ್ಲದೆ, ಪಳೆಯುಳಿಕೆ ಸಿಗುವುದು ಹೆಚ್ಚಾಗಿ ಕಣಶಿಲೆಯಲ್ಲಿ, ಇಲ್ಲಿರುವಂಥ ಗ್ರಾನೈಟಿನಲ್ಲಲ್ಲ. ('ಏಕೆ?' ಎಂಬ ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು.)

ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯ ಕೆಳಪಾತ್ರದ ಕಡೆ, ತಮಿಳುನಾಡಿನ ಅರಿಯಲೂರು ಜಿಲ್ಲೆಯಲ್ಲಿ, ಕಣಶಿಲೆಯ ಪದರಗಳಿವೆ. ಅಲ್ಲಿನ ಕಲ್ಲಮೇಡುವಿನಲ್ಲಿ ಸಿಕ್ಕಿದ್ದೇ ಬೃಹತ್ಕಾಯೋಸಾರಸ್ ಮ್ಯಾಟ್ಲಿಯೈ.

● ಕಾಲ: ಕ್ರಿಟೇಷಿಯಸ್ ಯುಗದ ಕೊನೆ, ಸುಮಾರು 7 ಕೋಟಿ ವರ್ಷಗಳ ಹಿಂದೆ.

● ವಿವರಿಸಿದವರು: ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಿ. ಯಾದಗಿರಿ ಮತ್ತು ಕೆ. ಅಯ್ಯಸಾಮಿ, 1987. ಮ್ಯಾಟ್ಲಿಯೈ ಎಂಬ ಎರಡನೆಯ ಹೆಸರು ಬ್ರಿಟಿಷ್ ಭೂವಿಜ್ಞಾನಿ ಸಿ. ಎ. ಮ್ಯಾಟ್ಲಿ ಅವರ ನೆನಪಿಗೆ.

● ಸಿಕ್ಕ ಭಾಗಗಳು: ಸೊಂಟದ ಮೂಳೆ, ತೊಡೆಮೂಳೆಯ ಒಂದು ಭಾಗ, ಮೊಣಕಾಲಿನ ಕೆಳಗಿನ ಮೂಳೆ, ಮುಂಗಾಲಿನ ಒಂದು ಮೂಳೆ, ಬಾಲದ ಒಂದು ಕಶೇರು. ತಲೆಬುರುಡೆ ಇಲ್ಲ, ಕತ್ತೂ ಇಲ್ಲ.

ಪರೀಕ್ಷಕರಿಗೆ ಪ್ರಿಯವಾದ ತೊಡಕು ಇಲ್ಲಿದೆ. ಮೊದಲ ಪ್ರಬಂಧ ಇದನ್ನು ಮಾಂಸಾಹಾರಿ ಎಂದು ವರ್ಗೀಕರಿಸಿತ್ತು. 1995ರಲ್ಲಿ ಪಳೆಯುಳಿಕೆ ವಿಜ್ಞಾನಿ ಶಂಕರ್ ಚಟರ್ಜಿ ಅದನ್ನು ತಿದ್ದಿ, ಉದ್ದ ಕತ್ತಿನ ಸಸ್ಯಾಹಾರಿ ಸಾರೋಪಾಡ್‌ಗಳ ಟೈಟನೋಸಾರ್ ಗುಂಪಿಗೆ ಸೇರಿಸಿದರು. ಉತ್ತರದಲ್ಲಿ ಸಸ್ಯಾಹಾರಿ ಎಂದೇ ಬರೆಯಿರಿ.

ಗಾತ್ರದ ಬಗ್ಗೆ ಮಾತ್ರ ಕೈ ಬಿಗಿಹಿಡಿಯಬೇಕು. ಮೊಣಕಾಲಿನ ಕೆಳಗಿನ ಮೂಳೆಯೊಂದೇ 2 ಮೀಟರ್ ಉದ್ದವಿತ್ತೆಂದು ದಾಖಲೆ. ಅರ್ಜೆಂಟೀನಾದ ದೈತ್ಯ ಅರ್ಜೆಂಟಿನೋಸಾರಸ್‌ನದು 1.55 ಮೀಟರ್. 2023ರ ಅಧ್ಯಯನವೊಂದು ತೂಕವನ್ನು 110ರಿಂದ 130 ಟನ್ ಎಂದು ಅಂದಾಜಿಸಿತು. ಅಂದಾಜು ಎಂಬ ಪದ ಬಿಟ್ಟು ಬರೆದರೆ ಉತ್ತರ ತಪ್ಪೇ, ಏಕೆಂದರೆ ಅಳೆದು ನೋಡಲು ಮೂಳೆಗಳೇ ಈಗಿಲ್ಲ. ಶಿಥಿಲವಾಗಿದ್ದ ಅವು ಪುಡಿಯಾಗಿ ಹೋದವೆಂದು 2017ರಲ್ಲಿ ಪ್ರಕಟವಾಯಿತು. ಉಳಿದದ್ದು ರೇಖಾಚಿತ್ರ, ಅಳತೆ, ಕೆಲವು ಫೋಟೊ. ಸಿಕ್ಕಿದ್ದು ಮೂಳೆಯೇ ಅಲ್ಲ, ಕಲ್ಲಾದ ಮರ ಎಂದು ಸಂಶಯಿಸಿದವರೂ ಇದ್ದರು. ಸಂಶಯ ತೀರಾ ಅಸಂಬದ್ಧವೇನಲ್ಲ: ಪಕ್ಕದ ಪೆರಂಬಲೂರು ಜಿಲ್ಲೆಯ ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರದ ಕಾಂಡವಿದೆ. 2022ರಲ್ಲಿ ಪ್ರಕಟವಾದ ಹಳೆಯ ಕ್ಷೇತ್ರಚಿತ್ರಗಳು ಮೂಳೆಯ ಪಕ್ಷವನ್ನೇ ಬಲಪಡಿಸಿದವು.

ಗೊಂದಲವಾಗುವ ಹೆಸರುಗಳು: ಬಾರಾಪಾಸಾರಸ್ ಟಾಗೋರೈ (1975) ತೆಲಂಗಾಣದ ಜುರಾಸಿಕ್ ಸಾರೋಪಾಡ್, ಅದರ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದೆ. ಥಾರೋಸಾರಸ್ (2023) ಜೈಸಲ್ಮೇರ್‌ನದು, ಅದೂ ಸಸ್ಯಾಹಾರಿ. ಗುಜರಾತಿನ ರಾಜಾಸಾರಸ್ (2003) ಮಾಂಸಾಹಾರಿ.