ಇಂಗ್ಲಿಷ್ ಕ್ರಿಯಾಪದದ ಬೆನ್ನು ಹತ್ತಿದ ಸಣ್ಣ ಪದಗಳು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಕಡೆಗಳಲ್ಲಿ ಯಾವ ಹಳ್ಳಿಗೆ ಹೋದರೂ "ಮೋಟರ್ ಆನ್ ಮಾಡು", "ಲೈಟ್ ಆಫ್ ಮಾಡು" ಎಂಬ ಮಾತು ಕಿವಿಗೆ ಬೀಳುತ್ತದೆ. ಇಂಗ್ಲಿಷಿನವರು ಇದನ್ನು "ಸ್ವಿಚ್ ಆನ್", "ಸ್ವಿಚ್ ಆಫ್" ಎನ್ನುತ್ತಾರೆ. ಅಲ್ಲಿ "ಸ್ವಿಚ್" ಎಂಬುದು ಕ್ರಿಯಾಪದ. "ಆನ್", "ಆಫ್" ಅದರ ಬೆನ್ನು ಹತ್ತಿ ಬಂದ ಸಣ್ಣ ಪದಗಳು. ನಮ್ಮವರು ಕ್ರಿಯಾಪದವನ್ನು ಕೈಬಿಟ್ಟು ಸಣ್ಣ ಪದವನ್ನು ಮಾತ್ರ ಇಟ್ಟುಕೊಂಡು, ಅದಕ್ಕೆ "ಮಾಡು" ಜೋಡಿಸಿದರು. ಇದು ಜಾಣತನವೇ ಸರಿ. ಏಕೆಂದರೆ ಮೋಟರ್ ಓಡಬೇಕೋ ನಿಲ್ಲಬೇಕೋ ಎಂಬುದನ್ನು ಹೇಳುವುದು ಆ ಸಣ್ಣ ಪದವೇ.

ಈ ಸಣ್ಣ ಪದಗಳಿಗೆ ಎರಡು ಬಗೆಯ ಕೆಲಸ ಉಂಟು. ಮೊದಲನೆಯದು ಸುಲಭ. ನಾವು "ಕುಷ್ಟಗಿಗೆ ಹೋಗು", "ಯಲಬುರ್ಗಾದಿಂದ ಬಾ" ಎನ್ನುವಾಗ "ಗೆ", "ಇಂದ" ಎಂಬ ಪ್ರತ್ಯಯಗಳು ಊರಿನ ಹೆಸರಿನ ಹಿಂದೆ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಅವು ಹೆಸರಿಗಿಂತ ಮುಂಚೆಯೇ ಬರುತ್ತವೆ: "ಗೋ ಟು ಕುಷ್ಟಗಿ", "ಕಮ್ ಫ್ರಮ್ ಯಲಬುರ್ಗಾ". ಇಷ್ಟು ತಿಳಿದರೆ ಸಾಕು.

ಎರಡನೆಯದೇ ತೊಡಕಿನದು. ಸಣ್ಣ ಪದ ಕ್ರಿಯಾಪದದ ಜೊತೆ ಕೂಡಿ ಬೇರೊಂದು ಅರ್ಥ ಹುಟ್ಟಿಸುತ್ತದೆ. ಇದು ನಮಗೆ ಹೊಸದೇನಲ್ಲ. "ಈ ವರ್ಷ ಮಳೆ ಕೈಕೊಟ್ಟಿತು" ಎಂದರೆ ಪರಭಾಷೆಯವನು ಏನು ತಿಳಿದಾನು? ಮಳೆ ಕೈ ನೀಡಿ ಕಾಪಾಡಿತು ಎಂದೇ ತಿಳಿದಾನು! ಕೈಹಾಕು, ಕೈಬಿಡು, ಕೈಕೊಡು ಇವನ್ನು ನಾವು ಒಡೆದು ಅರ್ಥ ಮಾಡುವುದಿಲ್ಲ. ಇಡಿಯಾಗಿ ಒಂದೇ ಮಾತೆಂದು ಬಲ್ಲೆವು. ಇಂಗ್ಲಿಷಿನ ಜೋಡಿಗಳನ್ನೂ ಹಾಗೆಯೇ ಇಡಿಯಾಗಿ ಕಲಿಯತಕ್ಕದ್ದು. "ಗಿವ್" ಎಂದರೆ ಕೊಡು, "ಅಪ್" ಎಂದರೆ ಮೇಲೆ. ಆದರೆ "ಗಿವ್ ಅಪ್" ಎಂದರೆ ಬಿಟ್ಟುಬಿಡು.

ನಮ್ಮ ಹೊಳೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಚೈನು ಹರಿದು ಹೋಯಿತಲ್ಲವೇ? ಅದನ್ನು ಇಂಗ್ಲಿಷಿನಲ್ಲಿ "ವಾಷ್ಡ್ ಅವೇ" ಎಂದರು. "ವಾಷ್" ಎಂದರೆ ತೊಳೆ; "ಅವೇ" ಎಂದರೆ ದೂರ. ಗೇಟನ್ನು ಯಾರೂ ತೊಳೆಯಲಿಲ್ಲ. ನೀರು ಅದನ್ನು ಕೊಚ್ಚಿಕೊಂಡು ಹೋಯಿತು. ನಮ್ಮ "ಕೊಚ್ಚಿಹೋಯಿತು" ಎಂಬ ಮಾತಿನಲ್ಲಿ "ಹೋಯಿತು" ಮಾಡುವ ಕೆಲಸವನ್ನೇ ಅಲ್ಲಿ "ಅವೇ" ಮಾಡಿದೆ. ಅಂದು ಉಳಿದ ಗೇಟುಗಳನ್ನೂ ಎತ್ತಿ ನೀರು ಹೊರಬಿಟ್ಟರು. ಅದು "ಲೆಟ್ ಔಟ್". ಹೊಳೆ ತುಂಬಿದಾಗ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಗೆ ದಾರಿ ಇಲ್ಲದಂತಾಗುತ್ತದೆ. ಅದು "ಕಟ್ ಆಫ್". ಅದೇ "ಕಟ್" ಪದಕ್ಕೆ "ಡೌನ್" ಸೇರಿದರೆ ಮರ ಕಡಿದು ಕೆಡವುವುದು. ಖರ್ಚು ಕಡಿಮೆ ಮಾಡುವುದಕ್ಕೂ ಇದೇ ಮಾತು.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು. ಕೀಟನಾಶಕದ ಡಬ್ಬಿಯ ಮೇಲೆ "ಕೀಪ್ ಔಟ್ ಆಫ್ ದಿ ರೀಚ್ ಆಫ್ ಚಿಲ್ಡ್ರನ್" ಎಂದು ಅಚ್ಚಾಗಿರುತ್ತದೆ. ಕೆಂಪು ಮತ್ತು ಹಳದಿ ಗುರುತಿನ ಡಬ್ಬಿಗಳ ಮೇಲೆ ಇದು ಇರಲೇಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. "ಕೀಪ್" ಎಂದರೆ ಇಡು, "ರೀಚ್" ಎಂದರೆ ಕೈಗೆ ಎಟಕುವುದು, "ಚಿಲ್ಡ್ರನ್" ಎಂದರೆ ಮಕ್ಕಳು. ದೊಡ್ಡ ಪದಗಳನ್ನಷ್ಟೇ ಹೆಕ್ಕಿ ಓದಿದವನಿಗೆ "ಮಕ್ಕಳ ಕೈಗೆ ಎಟಕುವಂತೆ ಇಡು" ಎಂದಾಗುತ್ತದೆ! ನಡುವಿನ "ಔಟ್ ಆಫ್" ಇಡೀ ಮಾತನ್ನು ತಿರುಗಿಸುತ್ತದೆ: ಮಕ್ಕಳ ಕೈಗೆ ಸಿಗದಂತೆ ಇಡು. ಹೀಗೆಯೇ "ಕೀಪ್ ಅವೇ ಫ್ರಮ್ ಫುಡ್" ಎಂದರೆ ಆಹಾರ ಪದಾರ್ಥದಿಂದ ದೂರವಿಡು. ಜೋಳದ ಚೀಲದ ಮಗ್ಗುಲಲ್ಲಿಯೇ ಔಷಧದ ಡಬ್ಬಿ ಇಡುವ ಮನೆಗಳು ಇನ್ನೂ ಇವೆಯೆಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. "ವಾಷ್ ಆಫ್" ಎಂದಿದ್ದರೆ ಮೈಗೆ ಹತ್ತಿದ್ದನ್ನು ತೊಳೆದುಹಾಕು ಎಂದರ್ಥ. "ಅಪ್ಲೈ ಟು ದಿ ಕ್ರಾಪ್" ಎಂದರೆ ಬೆಳೆಗೆ ಹಾಕು. ಆದರೆ "ಅಪ್ಲೈ ಫಾರ್ ಎ ಲೋನ್" ಎಂದರೆ ಸಾಲಕ್ಕೆ ಅರ್ಜಿ ಹಾಕು.

ಸಾಲದ ಮಾತು ಬಂದಿತು. ಬ್ಯಾಂಕಿನಲ್ಲಿ ಹಣ ಕಟ್ಟುವ ಚೀಟಿಗೆ "ಪೇ ಇನ್ ಸ್ಲಿಪ್" ಎನ್ನುತ್ತಾರೆ. "ಪೇ" ಎಂದರೆ ಹಣ ಕೊಡು, "ಇನ್" ಎಂದರೆ ಒಳಗೆ, ಖಾತೆಯೊಳಗೆ ಹಾಕುವುದು. "ಪೇ ಬ್ಯಾಕ್" ಎಂದರೆ ಮರಳಿ ಕೊಡುವುದು. "ಪೇ ಆಫ್" ಎಂದರೆ ಪೂರಾ ತೀರಿಸುವುದು. ಕಂತು ಕಟ್ಟುತ್ತಿರುವವನು "ಪೇ ಬ್ಯಾಕ್" ಮಾಡುತ್ತಿದ್ದಾನೆ. ಕಡೆಯ ಕಂತು ಕಟ್ಟಿದ ದಿನ "ಪೇ ಆಫ್" ಆಯಿತು.

ಆದರೆ "ರೈಟ್ ಆಫ್" ಎಂಬ ಮಾತಿನಲ್ಲಿ ಮೋಸ ಹೋಗಬಾರದು. "ರೈಟ್" ಎಂದರೆ ಬರೆ. "ರೈಟ್ ಆಫ್" ಎಂದರೆ ವಸೂಲಾಗುವ ಭರವಸೆ ಇಲ್ಲವೆಂದು ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ಆ ಸಾಲವನ್ನು ತೆಗೆದಿಡುವುದು. ಇದನ್ನು ಕೇಳಿ ಸಾಲ ಮನ್ನಾ ಆಯಿತೆಂದು ಹಿಗ್ಗುವವರುಂಟು. ಹಾಗಲ್ಲ. ಅದು ಬ್ಯಾಂಕಿನ ಲೆಕ್ಕದ ಸಂಗತಿ ಮಾತ್ರ. ಸಾಲಗಾರನ ಹೊಣೆ ಹೋಗುವುದಿಲ್ಲ, ವಸೂಲಿಗೆ ಬರುವ ಹಕ್ಕು ಬ್ಯಾಂಕಿಗೆ ಇದ್ದೇ ಇರುತ್ತದೆ. ಮನ್ನಾಕ್ಕೆ ಇಂಗ್ಲಿಷಿನಲ್ಲಿ "ವೇವರ್" ಎಂಬ ಬೇರೆಯೇ ಪದವಿದೆ. 2008ರಲ್ಲಿ ಕೇಂದ್ರ ಸರ್ಕಾರವೂ 2018ರಲ್ಲಿ ನಮ್ಮ ರಾಜ್ಯ ಸರ್ಕಾರವೂ ಘೋಷಿಸಿದ್ದು ವೇವರ್. ಆದುದರಿಂದ ಯಾರಾದರೂ "ನಿಮ್ಮ ಸಾಲ ರೈಟ್ ಆಫ್ ಆಗಿದೆ" ಎಂದರೆ, "ಮನ್ನಾ ಆಗಿದೆಯೇ? ಹಾಗಿದ್ದರೆ ಬಾಕಿ ಇಲ್ಲವೆಂದು ಬರೆದು ಕೊಡಿರಿ" ಎಂದು ಕೇಳಬೇಕು.

ಕಚೇರಿಯಲ್ಲಿ ಕಿವಿಗೆ ಬೀಳುವ ಒಂದೆರಡು ಮಾತು. ಸಭೆ "ಪುಟ್ ಆಫ್" ಆಯಿತೆಂದರೆ ಮುಂದಕ್ಕೆ ಹೋಯಿತು. "ಕಾಲ್ ಆಫ್" ಆಯಿತೆಂದರೆ ರದ್ದಾಯಿತು. "ಲುಕ್ ಅಟ್" ಎಂದರೆ ನೋಡು, "ಲುಕ್ ಫಾರ್" ಎಂದರೆ ಹುಡುಕು, "ಲುಕ್ ಆಫ್ಟರ್" ಎಂದರೆ ಜೋಪಾನ ಮಾಡು. ಸಂತೆಯಲ್ಲಿ ಎತ್ತನ್ನು "ಲುಕ್ ಅಟ್" ಮಾಡುತ್ತೇವೆ, ತಪ್ಪಿಸಿಕೊಂಡರೆ "ಲುಕ್ ಫಾರ್", ಕೊಟ್ಟಿಗೆಯಲ್ಲಿ "ಲುಕ್ ಆಫ್ಟರ್". ಸಾಹೇಬರು "ಲುಕ್ ಇನ್‌ಟು" ಮಾಡುತ್ತೇವೆ ಎಂದರೆ ವಿಚಾರಿಸಿ ನೋಡುತ್ತೇವೆ ಎಂದರ್ಥ. ಕೆಲಸ ಆಯಿತೆಂದು ಅರ್ಥವಲ್ಲ!

ಅಭ್ಯಾಸ: ನಿಮ್ಮ ಮನೆಯಲ್ಲಿರುವ ಔಷಧದ ಡಬ್ಬಿಯನ್ನು ತೆರೆಯದೆ, ಅದರ ಮೇಲಿನ ಬರಹವನ್ನು ಹೈಸ್ಕೂಲಿಗೆ ಹೋಗುವ ಮಗನಿಂದಲೋ ಮಗಳಿಂದಲೋ ಒಂದು ಹಾಳೆಯ ಮೇಲೆ ಬರೆಯಿಸಿರಿ. ಔಟ್, ಆಫ್, ಅವೇ, ಫ್ರಮ್, ಟು ಈ ಪದಗಳ ಕೆಳಗೆ ಗೆರೆ ಹೊಡೆಯಿಸಿರಿ. ಆಮೇಲೆ ಪ್ರತಿ ವಾಕ್ಯವನ್ನೂ ಒಮ್ಮೆ ಆ ಪದ ಬಿಟ್ಟು, ಒಮ್ಮೆ ಸೇರಿಸಿ ಕನ್ನಡದಲ್ಲಿ ಹೇಳಿಸಿರಿ. ಕೈ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಊಟಕ್ಕೆ ಏಳಿರಿ.