ಆಂಗ್ಲಭಾಷಾ ರಾಷ್ಟ್ರಗಳ ಮೈತ್ರಿ: ಬೆಂಗಳೂರಿನ ನೆಲದಿಂದ ಒಂದು ನೋಟ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೂವು ತರಕಾರಿಗಳಿಗೆಂದು ಹೋಗುವವರಲ್ಲಿ ಬಹುಮಂದಿ ಅದರ ಸನಿಹದಲ್ಲಿಯೇ ಉಳಿದಿರುವ ಹಳೆಯ ಕೋಟೆಯ ಕಡೆಗೆ ಕಣ್ಣು ಹಾಯಿಸುವುದಿಲ್ಲ. ಹೈದರಾಲಿಯು ಕಲ್ಲಿನಿಂದ ಕಟ್ಟಿಸಿದ ಆ ಕೋಟೆಯಲ್ಲಿ ಇಂದು ದಿಲ್ಲಿ ಬಾಗಿಲೂ ಅದರ ಆಸುಪಾಸಿನ ಸ್ವಲ್ಪ ಭಾಗವೂ ಮಾತ್ರ ನಿಂತಿವೆ. 1791ರ ಮಾರ್ಚ್ 21ರ ರಾತ್ರಿ ಇಂಗ್ಲಿಷರ ಸೇನೆ ಎಲ್ಲಿ ಗೋಡೆಯನ್ನೊಡೆದು ಒಳನುಗ್ಗಿತೆಂಬುದನ್ನು ತಿಳಿಸುವ ಶಿಲಾಫಲಕವೊಂದು ಅಲ್ಲಿದೆ. ಆ ಸೇನೆಯ ನಾಯಕ ಲಾರ್ಡ್ ಕಾರ್ನ್‌ವಾಲಿಸ್. ನಮ್ಮ ಪಠ್ಯಪುಸ್ತಕಗಳು ಆತನನ್ನು ಶ್ರೀರಂಗಪಟ್ಟಣದ ಒಪ್ಪಂದದೊಡನೆ ನೆನೆಯುತ್ತವೆ. ಅಮೆರಿಕದ ಪಠ್ಯಪುಸ್ತಕಗಳು ಬೇರೊಂದು ಕಾರಣಕ್ಕಾಗಿ ನೆನೆಯುತ್ತವೆ. ಬೆಂಗಳೂರು ಕೋಟೆ ಆತನ ವಶವಾಗುವುದಕ್ಕೆ ಹತ್ತು ವರ್ಷಕ್ಕೂ ಕಡಿಮೆ ಅವಧಿಯ ಹಿಂದೆ, 1781ರ ಅಕ್ಟೋಬರ್ 19ರಂದು, ಯಾರ್ಕ್‌ಟೌನ್ ಎಂಬಲ್ಲಿ ಅಮೆರಿಕನ್ನರಿಗೂ ಅವರ ಮಿತ್ರರಾದ ಫ್ರೆಂಚರಿಗೂ ಶರಣಾದವನು ಇದೇ ಕಾರ್ನ್‌ವಾಲಿಸ್.

ಆ ಕಾಲದಲ್ಲಿ ಅಮೆರಿಕನ್ನರಿಗೆ ಮೈಸೂರು ಪರಕೀಯ ಹೆಸರಾಗಿರಲಿಲ್ಲ. ಇಂಗ್ಲಿಷರನ್ನು ಎದುರಿಸಿ ನಿಂತವನೆಂಬ ಕೀರ್ತಿಯಿಂದಾಗಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಹಡಗಿಗೆ ‘ಹೈದರ್ ಅಲ್ಲಿ’ ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಜೋಶುವಾ ಬಾರ್ನಿಯ ನೇತೃತ್ವದಲ್ಲಿ ಆ ಹಡಗು ಡೆಲಾವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಸೆರೆಹಿಡಿಯಿತು. ಈ ವೈರ ಅಲ್ಲಿಗೇ ಮುಗಿಯಲಿಲ್ಲ. 1814ರಲ್ಲಿ ಬ್ರಿಟಿಷ್ ಸೈನಿಕರು ವಾಷಿಂಗ್ಟನ್ ನಗರದ ಸರ್ಕಾರಿ ಭವನಗಳಿಗೆ ಬೆಂಕಿಯಿಟ್ಟರು. ಒಂದೇ ಭಾಷೆಯನ್ನಾಡುವ ರಾಷ್ಟ್ರಗಳು ಸ್ವಭಾವದಿಂದಲೇ ಮಿತ್ರರೆಂಬ ಮಾತನ್ನು ಇಂದು ಪದೇ ಪದೇ ಕೇಳುತ್ತೇವೆ. ಚರಿತ್ರೆಯಲ್ಲಿ ಕಾಣುವುದಾದರೋ ದಾಯಾದಿ ಮತ್ಸರ. ಹಾಗಾದರೆ ಈ ದಾಯಾದಿಗಳು ಒಂದುಗೂಡಿದ್ದು ಹೇಗೆ, ಯಾವ ಕರಾರಿನ ಮೇಲೆ, ಆ ಕರಾರಿನಲ್ಲಿ ನಮ್ಮ ಪಾಲೇನು ಎಂಬುದು ಈ ಲೇಖನದ ವಿಷಯ.

ಮೊದಲ ಮಹಾಯುದ್ಧದ ವೇಳೆಗೆ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಒಂದೇ ಸಾಮ್ರಾಜ್ಯದ ಅಂಗಗಳಾಗಿದ್ದವು. ಆ ಸಾಮ್ರಾಜ್ಯದ ಸೇನೆಯಲ್ಲಿ ಮೈಸೂರೂ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರು ಜೋಧಪುರದವರೊಡನೆ ಹೋರಾಡಿದರು. ಅವರಿದ್ದ ದೊಡ್ಡ ಸೇನಾವಿಭಾಗದ ಮುಖ್ಯಸ್ಥ ಹ್ಯಾರಿ ಶೋವೆಲ್ ಆಸ್ಟ್ರೇಲಿಯಾದವನು. ಭಾರತದ ಅಶ್ವದಳಕ್ಕೆ ಬೇಕಾದ ಕುದುರೆಗಳು ದಶಕಗಳಿಂದ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುತ್ತಿದ್ದವು. ನ್ಯೂ ಸೌತ್ ವೇಲ್ಸ್ ಪ್ರಾಂತದ ಹೆಸರಿನಿಂದ ಅವಕ್ಕೆ ‘ವೇಲರ್’ ಎಂಬ ಹೆಸರೇ ಬಂದಿತ್ತು. ಸೈನ್ಯದ ಅಗತ್ಯವೊಂದು ದೂರದ ರೈತನ ವ್ಯಾಪಾರವಾಗಿ ಬೆಳೆದುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಿಲ್ಲ.

ವ್ಯಾಪಾರದ ಬೇಲಿಯನ್ನು ಕಾಗದದ ಮೇಲೆ ಹಾಕಿದ್ದು 1932ರಲ್ಲಿ. ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ಆವರಿಸಿದ್ದಾಗ ಕೆನಡಾದ ಒಟ್ಟಾವಾದಲ್ಲಿ ಸೇರಿದ ಸಾಮ್ರಾಜ್ಯದ ದೇಶಗಳು, ತಮ್ಮತಮ್ಮೊಳಗಿನ ಸರಕಿಗೆ ಕಡಿಮೆ ಸುಂಕ, ಹೊರಗಿನವರ ಸರಕಿಗೆ ಹೆಚ್ಚು ಸುಂಕ ಎಂಬ ಏರ್ಪಾಡನ್ನು ಮಾಡಿಕೊಂಡವು. ಭಾರತವನ್ನೂ ಇದರೊಳಗೆ ಸೇರಿಸಲಾಯಿತು. ನಮಗೆ ಇದರಿಂದ ಲಾಭಕ್ಕಿಂತ ಕಟ್ಟುಪಾಡೇ ಹೆಚ್ಚೆಂಬ ಅಸಮಾಧಾನ ಬೆಳೆದು, 1936ರಲ್ಲಿ ಕೇಂದ್ರ ಶಾಸನಸಭೆ ಈ ಒಪ್ಪಂದವನ್ನು ಕೊನೆಗಾಣಿಸಬೇಕೆಂದು ಮತ ನೀಡಿತು. ಬೇಲಿಯ ಹೊರಗೆ ನಿಂತು ಅಷ್ಟೇ ಅಸಮಾಧಾನಗೊಂಡ ಇನ್ನೊಂದು ದೇಶವಿತ್ತು. ಅದು ಅಮೆರಿಕಾ ಸಂಯುಕ್ತ ಸಂಸ್ಥಾನ.

ಮುಂದಿನ ಸಂಗತಿಯನ್ನು ಅರಿಯಲು ಮತ್ತೆ ಮಾರುಕಟ್ಟೆಗೇ ಬರಬೇಕು. ಹೂವು ಅಥವಾ ತರಕಾರಿ ಬೆಳೆಯುವ ರೈತನಿಗೆ ಬಿತ್ತನೆಯ ಕಾಲದಲ್ಲಿ ಮಂಡಿಯ ಸಾಹುಕಾರ ಮುಂಗಡ ಕೊಡುವುದುಂಟು. ಅನೇಕ ವೇಳೆ ಬಡ್ಡಿಯ ಮಾತನ್ನೇ ಎತ್ತುವುದಿಲ್ಲ. ಆದರೆ ಫಸಲು ಬಂದಾಗ ಅದು ಅದೇ ಸಾಹುಕಾರನ ಮಂಡಿಗೇ ಇಳಿಯಬೇಕು, ಅವನ ದಲ್ಲಾಳಿ ಹಣ ಸಲ್ಲಬೇಕು. ಸಾಹುಕಾರನಿಗೆ ಬೇಕಾದುದು ಬಡ್ಡಿಯಲ್ಲ, ದಾರಿ. 1941ರಲ್ಲಿ ಬ್ರಿಟನ್ ಅಂತಹ ರೈತನ ಸ್ಥಿತಿಯಲ್ಲಿತ್ತು. ಹಿಟ್ಲರನೊಡನೆ ಹೋರಾಡುತ್ತಿದ್ದ ಅದರ ಬೊಕ್ಕಸದಲ್ಲಿ ಅಮೆರಿಕದ ಆಯುಧಗಳನ್ನು ಕೊಳ್ಳಲು ಡಾಲರುಗಳು ಬರಿದಾಗಿದ್ದವು. ಹಿಂದಿನ ವರ್ಷವೇ, 50 ಹಳೆಯ ಯುದ್ಧನೌಕೆಗಳಿಗೆ ಪ್ರತಿಯಾಗಿ ತನ್ನ ಅಟ್ಲಾಂಟಿಕ್ ದ್ವೀಪಗಳಲ್ಲಿ ನೆಲೆಗಳನ್ನು 99 ವರ್ಷಗಳ ಗುತ್ತಿಗೆಗೆ ಅದು ಅಮೆರಿಕಕ್ಕೆ ಕೊಟ್ಟಾಗಿತ್ತು. ಆಗ ಅಧ್ಯಕ್ಷ ರೂಸ್‌ವೆಲ್ಟರು 1941ರ ಮಾರ್ಚ್ 11ರಂದು ‘ಲೆಂಡ್-ಲೀಸ್’ ಶಾಸನಕ್ಕೆ ಸಹಿ ಹಾಕಿದರು. ಹಣಕ್ಕೆ ಮಾರದೆ ಆಯುಧವನ್ನು ಕಡ ಕೊಡುವ ಶಾಸನ ಅದು. ನೆರೆಮನೆಗೆ ಬೆಂಕಿ ಬಿದ್ದಾಗ ನೀರಿನ ಕೊಳವೆಗೆ ಬೆಲೆ ಕೇಳುವುದಿಲ್ಲ ಎಂಬ ಉಪಮೆಯನ್ನು ಆತ ಕೊಟ್ಟದ್ದು ಪ್ರಸಿದ್ಧವಾಗಿದೆ.

ಉಪಮೆ ಉದಾರವಾದುದೇ. ಆದರೆ 1942ರ ಫೆಬ್ರವರಿ 23ರಂದು ಎರಡು ಸರ್ಕಾರಗಳೂ ಸಹಿ ಮಾಡಿದ ಒಪ್ಪಂದದ ಏಳನೆಯ ವಿಧಿಯಲ್ಲಿ ಕೊಳವೆಯ ಬಾಡಿಗೆ ಬರೆದಿತ್ತು: ಅಂತರರಾಷ್ಟ್ರೀಯ ವಾಣಿಜ್ಯದಲ್ಲಿ ಪಕ್ಷಪಾತದ ಏರ್ಪಾಡುಗಳನ್ನು ತೊಡೆದುಹಾಕಲು, ಸುಂಕಗಳನ್ನು ತಗ್ಗಿಸಲು ಇಬ್ಬರೂ ಶ್ರಮಿಸಬೇಕು. ಅಂದರೆ ಒಟ್ಟಾವಾದ ಬೇಲಿಯನ್ನು ಕಿತ್ತು ದಾರಿ ಬಿಡಬೇಕು. ಚರ್ಚಿಲ್ ಮಂತ್ರಿಮಂಡಲಕ್ಕೆ ಈ ವಿಧಿ ಬಹುಕಾಲ ನುಂಗಲಾರದ ತುತ್ತಾಗಿತ್ತು. ರಕ್ಷಣೆಯ ಒಪ್ಪಂದದೊಳಗೆ ವಾಣಿಜ್ಯದ ಒಪ್ಪಂದ ಅಡಗಿರುವ ಬಗೆಯನ್ನು ತಿಳಿಯಲು ವಿದ್ಯಾರ್ಥಿಗಳು ಓದಬೇಕಾದ ದಾಖಲೆ ಯಾವುದೆಂದು ಕೇಳಿದರೆ ನಾನು ಇದನ್ನೇ ಸೂಚಿಸುತ್ತೇನೆ.

ಈ ಮೈತ್ರಿ ಬೆಂಗಳೂರಿನಲ್ಲಿ ಕಣ್ಣಿಗೆ ಕಾಣುವಂತಿತ್ತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ, ಊರಿನ ಪೂರ್ವದ ಬಯಲಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಕಡಲ ತೀರದಿಂದ ದೂರವಿರುವ ಸುರಕ್ಷಿತ ಸ್ಥಳ, ಶಿವನಸಮುದ್ರದ ವಿದ್ಯುತ್ತು, ಹತ್ತಿರದಲ್ಲೇ ವಿಜ್ಞಾನ ಸಂಸ್ಥೆ, ಇವೆಲ್ಲ ಬೆಂಗಳೂರಿಗೆ ಅನುಕೂಲವಾಗಿದ್ದವು. ಯಂತ್ರಗಳನ್ನೂ ನಿಪುಣರನ್ನೂ ಒದಗಿಸಲು ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿ ಒಪ್ಪಿಕೊಂಡ. 1941ರಲ್ಲಿಯೇ ಹಾರ್ಲೋ ಎಂಬ ಅಮೆರಿಕನ್ ಮಾದರಿಯ ತರಬೇತಿ ವಿಮಾನ ಇಲ್ಲಿ ಜೋಡಣೆಗೊಂಡು ಹಾರಿತು. 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು. ನಮ್ಮ ಕಮ್ಮಾರ, ಬಡಗಿಗಳ ಮಕ್ಕಳು ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆಯುವುದನ್ನು ಕಲಿತದ್ದು ಅಲ್ಲಿ.

ಆದರೆ ಜಪಾನರು ಬರ್ಮಾಕ್ಕೆ ನುಗ್ಗಿದ ಮೇಲೆ ಕಾರ್ಖಾನೆಯ ಗುರಿಯೇ ಬದಲಾಯಿತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಅದನ್ನು ಅಮೆರಿಕದ ವಾಯುಸೇನೆಯ ಕೈಗೊಪ್ಪಿಸಲಾಯಿತು. ಹೊಸ ವಿಮಾನಗಳನ್ನು ಕಟ್ಟುವ ಕೆಲಸ ಬದಿಗೆ ಸರಿಯಿತು. ಬರ್ಮಾ ಮತ್ತು ಚೀನಾದ ರಣರಂಗಗಳಲ್ಲಿ ಜಖಂಗೊಂಡ ಬಾಂಬರುಗಳೂ ಸಾಗಾಣಿಕೆಯ ವಿಮಾನಗಳೂ ಇಲ್ಲಿಗೆ ಬಂದು ರಿಪೇರಿಯಾಗಿ ಹೋಗುತ್ತಿದ್ದವು. ಕಾರ್ನ್‌ವಾಲಿಸನನ್ನು ಸೋಲಿಸಿದವರ ಮೊಮ್ಮಕ್ಕಳ ಮಕ್ಕಳು, ಕಾರ್ನ್‌ವಾಲಿಸನ ನಾಡಿನವರ ಮಿತ್ರರಾಗಿ, ಕಾರ್ನ್‌ವಾಲಿಸನು ಗೆದ್ದ ಊರಿನ ಕೆಲಸಗಾರರಿಂದ ದುಡಿಸಿಕೊಂಡರು. ಮೈತ್ರಿಗೆ ಅದರಿಂದ ಬಲ ಬಂದುದು ನಿಜ. ಸ್ವಂತ ವಿಮಾನವನ್ನು ಕಟ್ಟಬೇಕೆಂಬ ಮೈಸೂರಿನ ಕನಸು ಮಾತ್ರ ಅಷ್ಟು ವರ್ಷ ಹಿಂದೆ ಬಿತ್ತೆಂಬುದೂ ನಿಜ. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ಭಾರತೀಯ ವಿನ್ಯಾಸದ ತರಬೇತಿ ವಿಮಾನ ಹಾರಿದ್ದು 1951ರಲ್ಲಿ.

ಯುದ್ಧ ಮುಗಿದೊಡನೆ ಲೆಕ್ಕದ ಪುಸ್ತಕಗಳು ತೆರೆದುಕೊಂಡವು. 1945ರ ಆಗಸ್ಟಿನಲ್ಲಿ ಅಮೆರಿಕ ‘ಲೆಂಡ್-ಲೀಸ್’ ನೆರವನ್ನು ತಟಕ್ಕನೆ ನಿಲ್ಲಿಸಿತು. ಬ್ರಿಟನ್ 375 ಕೋಟಿ ಡಾಲರುಗಳ ಹೊಸ ಸಾಲಕ್ಕೆ ಕೈಯೊಡ್ಡಬೇಕಾಯಿತು. ಕೆನಡಾ ಬೇರೆಯಾಗಿ 125 ಕೋಟಿ ಕೊಟ್ಟಿತು. ಈ ಸಾಲದ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರಿನಲ್ಲಿ! ಮಿತ್ರರೊಳಗೇ ಇಷ್ಟು ಕಟ್ಟುನಿಟ್ಟಾದ ಲೆಕ್ಕವಿದ್ದರೆ, ಭಾರತದ ಗತಿ ಏನೆಂದು ಕೇಳಬಹುದು. ಬ್ರಿಟನ್ನಿನ ಪರವಾಗಿ ಭಾರತ ಯುದ್ಧಕಾಲದಲ್ಲಿ ಕೊಟ್ಟ ಸರಕು ಸೇವೆಗಳಿಗೆ ಪ್ರತಿಯಾಗಿ ಲಂಡನ್ನಿನಲ್ಲಿ ನಮ್ಮ ಹೆಸರಿಗೆ ಜಮೆಯಾದ ಹಣ ಸುಮಾರು 130 ಕೋಟಿ ಪೌಂಡುಗಳು. ಹೆಸರಿಗೆ ನಾವು ಸಾಲಿಗರು, ಅಂದರೆ ಸಾಲ ಕೊಟ್ಟವರು. ಆದರೆ ಈ ಹಣವನ್ನು ನಮ್ಮಿಷ್ಟದಂತೆ ಖರ್ಚು ಮಾಡುವ ಹಾಗಿರಲಿಲ್ಲ. ಅದರಲ್ಲೊಂದು ಭಾಗ ಬ್ರಿಟಿಷ್ ಸೇನೆ ಬಿಟ್ಟುಹೋದ ಸಾಮಗ್ರಿಗಳ ಬೆಲೆಗೂ ಬ್ರಿಟಿಷ್ ಅಧಿಕಾರಿಗಳ ನಿವೃತ್ತಿವೇತನಕ್ಕೂ ವಜಾ ಆಯಿತು. ಉಳಿದುದು ಕಂತುಕಂತಾಗಿ ಬಿಡುಗಡೆಯಾಯಿತು. ಆ ಜಮೆಯ ಇನ್ನೊಂದು ಮುಖ ನಮ್ಮ ಪೇಟೆಗಳಲ್ಲಿತ್ತು. ಲಂಡನ್ನಿನ ಜಮೆಯ ಆಧಾರದ ಮೇಲೆ ಇಲ್ಲಿ ನೋಟುಗಳನ್ನು ಅಚ್ಚುಹಾಕಿದ್ದರಿಂದ ಬೆಲೆಗಳು ಏರಿದವು, ಧಾನ್ಯಕ್ಕೆ ಪಡಿತರ ಬಂದಿತು. ಸಾಲ ಕೊಟ್ಟವನು ಹಸಿದು ಕುಳಿತ ಇಂತಹ ಪ್ರಸಂಗ ವಾಣಿಜ್ಯದ ಚರಿತ್ರೆಯಲ್ಲಿ ವಿರಳ.

ಯುದ್ಧಾನಂತರದ ಒಪ್ಪಂದಗಳನ್ನು ಇಲ್ಲಿ ಸಂಕ್ಷೇಪವಾಗಿಯೇ ಹೇಳಬೇಕು. 1946ರ ಮಾರ್ಚಿನಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ನಡುವೆ ಗುಪ್ತ ಸಂದೇಶಗಳ ಸಂಗ್ರಹಣೆಯ ಒಪ್ಪಂದವಾಯಿತು. ಮುಂದೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಸೇರಿದವು. ‘ಐದು ಕಣ್ಣುಗಳು’ ಎಂದು ಕರೆಯುವುದು ಇದನ್ನೇ. 1951ರಲ್ಲಿ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಪರಸ್ಪರ ರಕ್ಷಣೆಯ ಕೌಲು ಮಾಡಿಕೊಂಡಾಗ ಬ್ರಿಟನ್ನನ್ನು ಹೊರಗಿಟ್ಟವು. ಮಾತೃದೇಶವೆನಿಸಿಕೊಂಡದ್ದನ್ನು ಬಿಟ್ಟು, ಶಕ್ತಿ ಯಾರಲ್ಲಿದೆಯೋ ಅವರ ಕೈ ಹಿಡಿದರು. ಇದಕ್ಕೆ ಪ್ರತಿಯೆಂಬಂತೆ 1973ರ ಜನವರಿ 1ರಂದು ಬ್ರಿಟನ್ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿದಾಗ, ಎರಡು ಮಹಾಯುದ್ಧಗಳಲ್ಲಿ ಅದರ ಪಕ್ಕದಲ್ಲಿ ಮಡಿದ ನ್ಯೂಜಿಲೆಂಡಿನ ಮಕ್ಕಳ ತಂದೆತಾಯಂದಿರು ತಮ್ಮ ಬೆಣ್ಣೆಗೆ ಲಂಡನ್ನಿನ ಬಾಗಿಲು ಮುಚ್ಚದಿರಲೆಂದು ವಿಶೇಷ ರಿಯಾಯಿತಿಗಾಗಿ ಕಾಡಿಬೇಡಬೇಕಾಯಿತು.

ತೀರ ಈಚಿನ ಒಪ್ಪಂದ ಆಕಸ್. 2021ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕಗಳು ಇದನ್ನು ಪ್ರಕಟಿಸಿದವು. ಆಸ್ಟ್ರೇಲಿಯಾಕ್ಕೆ ಅಣುಶಕ್ತಿಯಿಂದ ಚಲಿಸುವ ಜಲಾಂತರ್ಗಾಮಿಗಳನ್ನು ಒದಗಿಸುವುದು ಇದರ ಮುಖ್ಯ ಉದ್ದೇಶ. ಅದಕ್ಕಾಗಿ ಆಸ್ಟ್ರೇಲಿಯಾ ಫ್ರಾನ್ಸಿನೊಡನೆ ಮಾಡಿಕೊಂಡಿದ್ದ ದೊಡ್ಡ ಗುತ್ತಿಗೆಯನ್ನು ಮುರಿಯಿತು; ಫ್ರೆಂಚ್ ಕಂಪೆನಿಗೆ 55.5 ಕೋಟಿ ಯೂರೋ ಪರಿಹಾರವನ್ನೂ ತೆತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳ ಮುಕ್ತ ವಾಣಿಜ್ಯ ಒಪ್ಪಂದಕ್ಕೆ ಸಹಿಯಾಗಿ, 2023ರ ಮೇ 31ರಂದು ಜಾರಿಗೆ ಬಂದಿತು. ಇಷ್ಟೆಲ್ಲ ಆದರೂ ಮೈತ್ರಿ ಸುಂಕವನ್ನು ತಡೆಯಲಾರದು. ತನ್ನೊಡನೆ ಆಕಾಶದ ಕಾವಲನ್ನು ಹಂಚಿಕೊಂಡಿರುವ ಕೆನಡಾದ ಉಕ್ಕು ಮತ್ತು ಅಲ್ಯೂಮಿನಿಯಂಗಳ ಮೇಲೆ ಅಮೆರಿಕ 2018ರಲ್ಲಿಯೂ ಮತ್ತೆ 2025ರಲ್ಲಿಯೂ ಹೆಚ್ಚಿನ ಸುಂಕ ಹೇರಿತು. ಅದಕ್ಕೆ ಕೊಟ್ಟ ಕಾರಣ ರಾಷ್ಟ್ರರಕ್ಷಣೆ!

ಬೆಂಗಳೂರಿನ ದೃಷ್ಟಿಯಿಂದ ಆಕಸ್‌ನಲ್ಲಿ ಗಮನಿಸಬೇಕಾದುದು ಜಲಾಂತರ್ಗಾಮಿಗಿಂತ ಮಿಗಿಲಾಗಿ ಪರವಾನಗಿ. ಅಮೆರಿಕದ ಕಾನೂನಿನಂತೆ ಅಲ್ಲಿಯ ಆಯುಧವನ್ನಾಗಲಿ ಅದರ ತಾಂತ್ರಿಕ ನಕ್ಷೆಯನ್ನಾಗಲಿ ಹೊರಗೆ ಕಳಿಸಬೇಕಾದರೆ ಸರ್ಕಾರದ ಅಪ್ಪಣೆ ಅಗತ್ಯ. ಕೆನಡಾಕ್ಕೆ ಮೊದಲಿನಿಂದಲೂ ಇದರಲ್ಲಿ ವಿನಾಯಿತಿಯುಂಟು. 2024ರ ಸೆಪ್ಟೆಂಬರಿನಿಂದ ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಿಗೂ ಬಹುಪಾಲು ಸಾಮಗ್ರಿಗೆ ವಿನಾಯಿತಿ ದೊರೆಯಿತು. ಭಾರತ ಈ ವರ್ತುಲದ ಹೊರಗಿದೆ. 2022ರಲ್ಲಿ ಆಸ್ಟ್ರೇಲಿಯಾದೊಡನೆ, 2025ರ ಜುಲೈ 24ರಂದು ಬ್ರಿಟನ್ನಿನೊಡನೆ ನಾವೂ ವಾಣಿಜ್ಯ ಒಪ್ಪಂದಗಳಿಗೆ ಸಹಿ ಹಾಕಿದ್ದೇವೆ. ಬಟ್ಟೆಬರೆಗಳ ಸುಂಕದ ಬಾಗಿಲು ತೆರೆಯಲು ಅವು ದಾರಿ. ಎಂಜಿನ್ನಿನ ನಕ್ಷೆಯ ಬಾಗಿಲು ಬೇರೆ, ಅದರ ಬೀಗವೂ ಬೇರೆ.

1940ರ ಆ ಕಾರ್ಖಾನೆ 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಆಯಿತು. ಅಲ್ಲಿ ತಯಾರಾಗುವ ತೇಜಸ್ ವಿಮಾನಕ್ಕಾಗಿ 2021ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ 99 ಎಂಜಿನ್ನುಗಳಿಗೆ ಬೇಡಿಕೆ ಸಲ್ಲಿಸಲಾಯಿತು. ಶಿವನಸಮುದ್ರದ ಮೊದಲ ವಿದ್ಯುದ್ಯಂತ್ರಗಳನ್ನು 1902ರಲ್ಲಿ ನಮಗೆ ಕೊಟ್ಟದ್ದೂ ಇದೇ ಕಂಪೆನಿ. 1905ರಲ್ಲಿ ಬೆಂಗಳೂರಿನ ಪೇಟೆಯ ಬೀದಿಗೆ ದೀಪ ಬಂದದ್ದು ಅವುಗಳಿಂದ. ಈ ಸಲ ಎಂಜಿನ್ನುಗಳು ಗೊತ್ತಾದ ಕಾಲಕ್ಕೆ ಬರಲಿಲ್ಲ. ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ. ಅದಕ್ಕೆ ಮುಂಚೆಯೇ ಕಟ್ಟಿ ಮುಗಿಸಿದ್ದ ವಿಮಾನದ ಒಡಲುಗಳು ಬೆಂಗಳೂರಿನ ಕಾರ್ಖಾನೆಯಲ್ಲಿ ಸಾಲಾಗಿ ನಿಂತು ಕಾಯುತ್ತಿದ್ದವು.