ಕೌದಿ ಪ್ರದರ್ಶನಕ್ಕೆ ಹೊರಟಾಗ

ಕೈಯಲ್ಲಿ ಹೊಲಿದ ಕೌದಿಯನ್ನು ಪ್ರದರ್ಶನಕ್ಕೋ ಸ್ಪರ್ಧೆಗೋ ಕಳಿಸುವ ಮನಸ್ಸಿದ್ದರೆ ಮೊದಲು ನಿಯಮಗಳನ್ನು ಪೂರ್ತಿ ಓದಿ. ಅಳತೆ, ಕೊಟ್ಟ ವಿಷಯ, ಕೈಹೊಲಿಗೆಯೋ ಮಿಷನ್ ಹೊಲಿಗೆಯೋ ಎಂಬ ವಿಭಾಗ, ಇವುಗಳಲ್ಲಿ ಒಂದು ತಪ್ಪಿದರೂ ಒಳ್ಳೆಯ ಕೆಲಸ ಬಾಗಿಲಲ್ಲೇ ನಿಲ್ಲುತ್ತದೆ.

ಹೊದ್ದು ಮಲಗುವ ಕೌದಿಯನ್ನು ಅಲ್ಲಿ ಸಾಮಾನ್ಯವಾಗಿ ತೂಗುಹಾಕುತ್ತಾರೆ. ಹಾಗಾಗಿ ಹಿಂಬದಿಯ ಮೇಲಂಚಿಗೆ, ಕೋಲು ತೂರುವಂತೆ, ಸುಮಾರು 4 ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿಯಿರಿ. ಹಳೆ ಸೀರೆಗಳನ್ನು ಪದರವಾಗಿ ಸೇರಿಸಿದ ಕೌದಿಗೆ ಭಾರ ಹೆಚ್ಚು. ಕ್ಲಿಪ್ಪು, ಪಿನ್ನು ಹಾಕಿದರೆ ಸವೆದ ಬಟ್ಟೆ ಹರಿದೀತು. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯನ್ನು ಒತ್ತಿ ನೋಡಿ.

ತೀರ್ಪುಗಾರರಿಗೆ ಹೆದರಿ ನಿಮ್ಮೂರಿನ ರೀತಿಯನ್ನು ಮಾತ್ರ ಬಿಡಬೇಡಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಹೂವು ಕೂರಿಸುತ್ತಾರೆ. ಆ ಸಾಲುಗಳು ಸ್ಕೇಲು ಇಟ್ಟಂತೆ ನೆಟ್ಟಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅದೇ ಅದರ ಚೆಲುವು ಎಂದು ನಾನು ನಂಬಿದ್ದೇನೆ. ನಿಮ್ಮ ಕೌದಿಗೂ ಇಂಥದ್ದೊಂದು ಪದ್ಧತಿಯಿದ್ದರೆ, ಜೊತೆಗಿಡುವ ವಿವರಣೆಯಲ್ಲಿ ಎರಡು ಸಾಲು ಬರೆಯಿರಿ, ನೋಡುವವರಿಗೆ ತಿಳಿಯಲಿ.

ಕೌದಿಯ ಹಿಂಬದಿಯಲ್ಲಿ, ಹೊಲಿದವರ ಹೆಸರು, ಊರು, ವರ್ಷ ಬರೆದ ಬಟ್ಟೆಯ ಪಟ್ಟಿ ಇರಲಿ. ಅಜ್ಜಿ ಹೊಲಿದದ್ದಾದರೆ ಅಜ್ಜಿಯ ಹೆಸರೇ ಇರಬೇಕು, ಕಳಿಸಿದವರದ್ದಲ್ಲ. ಮನೆಯಲ್ಲಿ ಉಳಿದಿರುವುದು ಅದೊಂದೇ ಎಂದಾದರೆ ಅಂಚೆಗೆ ಹಾಕಬೇಡಿ, ನೀವೇ ಒಯ್ಯಿರಿ. ಹೊರಡುವ ಮುನ್ನ ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.